ಅಚ್ಚು, ಗುಂಬ, ಸುಖ

‘ಸುಖ’ ಮೊದಲು ಮನಸ್ಸಿಗೆ ಸಂಬಂಧಿಸಿದ ಮಾತಾಗಿರಲಿಲ್ಲ, ಬಂಡಿಗೆ ಸಂಬಂಧಿಸಿದ್ದಾಗಿತ್ತು. ಋಗ್ವೇದದಲ್ಲಿ ಅದು ರಥಕ್ಕೆ ಹಚ್ಚುವ ವಿಶೇಷಣ: ತಡವರಿಸದೆ ಸಲೀಸಾಗಿ ಓಡುವ ರಥ ಸುಖವಾದದ್ದು. ‘ಖ’ ಎಂದರೆ ತೂತು. ಅದರಲ್ಲೂ ಚಕ್ರದ ನಡುವಿನ ಗುಂಬದಲ್ಲಿ ಅಚ್ಚು ಹಾಯುವ ತೂತು. ಎಂಟನೆಯ ಮಂಡಲದ ಅಪಾಲೆಯ ಸೂಕ್ತದಲ್ಲಿ ಇಂದ್ರನು ಅವಳನ್ನು ರಥದ ಖ, ಬಂಡಿಯ ಖ, ನೊಗದ ಖ ಎಂಬ ಮೂರು ತೂತುಗಳಲ್ಲಿ ಹಾಯಿಸಿ ಅವಳ ಮೈಯನ್ನು ಸೂರ್ಯನಂತೆ ಬೆಳಗಿಸುತ್ತಾನೆ. ಆ ತೂತು ನೆಟ್ಟಗಿದ್ದರೆ ಸು-ಖ, ಕೆಟ್ಟಿದ್ದರೆ ದುಃ-ಖ. ಕಾಲಾಂತರದಲ್ಲಿ ಖ ಎಂಬುದಕ್ಕೆ ಇಂದ್ರಿಯ, ಆಕಾಶ ಎಂಬ ಅರ್ಥಗಳೂ ಬಂದವು, ಸುಖದುಃಖಗಳು ಗಾಡಿಯಿಂದ ಇಳಿದು ಎದೆಯೊಳಗೆ ಸೇರಿಕೊಂಡವು. ಹಾಗೆ ಸೇರಿದ ಮೇಲೆ ನಾವು ಸುಖವನ್ನು ಸವೆಯದ ಸ್ಥಿತಿಯೆಂದು ಕಲ್ಪಿಸಿಕೊಳ್ಳತೊಡಗಿದೆವು. ಅಕ್ಷಯ, ಅವ್ಯಯ, ನಿತ್ಯ ಎಂಬ ಮಾತುಗಳನ್ನು ಅದರ ಸುತ್ತ ಕಟ್ಟಿದೆವು. ಈ ಕಲ್ಪನೆಯಲ್ಲಿ ಏನೋ ತಪ್ಪಿದೆ ಎಂದು ನನಗನ್ನಿಸುತ್ತದೆ. ಆ ತಪ್ಪು ಯಾವುದೆಂದು ತಿಳಿಯಲು ಅಚ್ಚಿನ ತೂತಿನ ಬಳಿಗೇ ಮರಳಬೇಕು. ಇವತ್ತು ಅದು ಬಿಚ್ಚಿ ನೋಡಲು ಸಿಗುವುದು ಸೈಕಲ್ಲಿನ ಹಿಂದಿನ ಚಕ್ರದ ಹಬ್ಬಿನಲ್ಲಿ.

ಸವಾರನ ಭಾರದಲ್ಲಿ ದೊಡ್ಡ ಪಾಲು, ಅದರ ಮೇಲೆ ಚೈನಿನ ಎಳೆತ, ಎರಡೂ ಹಿಂದಿನ ಹಬ್ಬಿಗೇ ಬೀಳುತ್ತವೆ. ಹಳೆಯ ಮಾದರಿಯ ಹಬ್ಬಿನ ಒಳಗೆ ಸಾಮಾನ್ಯವಾಗಿ ಒಂದೊಂದು ಬದಿಗೆ ಕಾಲು ಇಂಚಿನ ಒಂಬತ್ತು ಉಕ್ಕಿನ ಗುಂಡುಗಳಿರುತ್ತವೆ. ಅವು ಹಬ್ಬಿನೊಳಗೆ ಕೂರಿಸಿದ ಕಪ್ಪಿಗೂ ಆಕ್ಸಲ್ ಮೇಲೆ ತಿರುಗಿಸಿ ಹಾಕಿದ ಕೋನಿಗೂ ನಡುವೆ ಉರುಳುತ್ತವೆ. ಚಕ್ರದ ಜೊತೆಗೆ ಕಪ್ಪು ಸುತ್ತುವುದರಿಂದ ಭಾರ ಅದರ ಸುತ್ತಳತೆಯ ತುಂಬ ಹಂಚಿಹೋಗುತ್ತದೆ. ಕೋನು ನಿಂತಲ್ಲೇ ನಿಂತಿರುತ್ತದೆ, ಹೀಗಾಗಿ ಭಾರವೆಲ್ಲ ಅದರ ಕೆಳಬದಿಯ ಒಂದೇ ಜಾಗದ ಮೇಲೆ ಕೂರುತ್ತದೆ. ಬಹಳ ದಿನ ಓಡಿದ ಹಬ್ಬನ್ನು ಬಿಚ್ಚಿ, ಕೋನನ್ನು ಒರೆಸಿ ಬೆಳಕಿಗೆ ಹಿಡಿದರೆ ಹೊಳೆಯುವ ಮೈಮೇಲೆ ಗುಂಡುಗಳು ಓಡಿದ ಮಾಸಲು ಗೆರೆ ಕಾಣುತ್ತದೆ. ಅದರ ಒಂದು ಪಕ್ಕದಲ್ಲಿ ಸಿಡುಬಿನ ಕಲೆಯಂಥ ಸಣ್ಣ ಕುಳಿಗಳು. ಸ್ಥಾವರ-ಜಂಗಮಗಳ ಭೇದ ಗೊತ್ತಿರುವ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಮನಿಸಬೇಕಾದದ್ದು ಇನ್ನೊಂದು: ಬೇಗ ಕುಳಿಬೀಳುವ ಆ ಕೋನೇ ಕಳಚಿ ಬದಲಿಸಲು ಬರುವ ಭಾಗ. ಹಬ್ಬನ್ನು ರೂಪಿಸಿದವರು ಸವೆತವನ್ನು ನಿರಾಕರಿಸಲಿಲ್ಲ, ಅದಕ್ಕೊಂದು ಜಾಗ ಕೊಟ್ಟರು.

ಚೈನು ಮತ್ತು ಹಲ್ಲುಗಳದೂ ಇದೇ ಕತೆ. ಚೈನು ‘ಉದ್ದವಾಯಿತು’ ಎನ್ನುತ್ತೇವೆ, ಆದರೆ ಉಕ್ಕೇನೂ ಹಿಗ್ಗಿರುವುದಿಲ್ಲ. ಒಂದೊಂದು ಕೊಂಡಿಯ ಪಿನ್ನು ಕೂದಲೆಳೆಯಷ್ಟು ಸವೆದು ಆ ಕೂದಲೆಳೆಗಳೆಲ್ಲ ಕೂಡಿಕೊಂಡಿರುತ್ತವೆ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಇಪ್ಪತ್ತನಾಲ್ಕು ಕೊಂಡಿಗಳಿಗೆ 12 ಇಂಚು ಇರಬೇಕಾದ್ದು ಒಂದಿಂಚಿನ ಹದಿನಾರನೇ ಒಂದು ಭಾಗ ಹೆಚ್ಚಾದರೆ ಚೈನು ಬದಲಿಸುವ ಹೊತ್ತು. ಆಗಲೇ ಬದಲಿಸಿದರೆ ಹಲ್ಲುಗಳು ಉಳಿಯುತ್ತವೆ. ಇನ್ನೂ ಓಡುತ್ತಿದೆಯಲ್ಲ ಎಂದು ಬಿಟ್ಟರೆ ಉದ್ದವಾದ ಚೈನು ಹಲ್ಲನ್ನು ಕೊರೆದು ಕೊಕ್ಕೆಯಾಗಿಸುತ್ತದೆ. ಆಮೇಲೆ ಹೊಸ ಚೈನು ತಂದು ಹಾಕಿದರೂ ಏರಿನಲ್ಲಿ ಬಲವಾಗಿ ತುಳಿದಾಗ ಅದು ಹಲ್ಲಿನಿಂದ ಹಲ್ಲಿಗೆ ಹಾರುತ್ತದೆ. ಹಲ್ಲಿಗಾಗಿ ಚೈನು ಸವೆಯಬೇಕು, ಸವೆದದ್ದನ್ನು ಹೊತ್ತಿಗೆ ಸರಿಯಾಗಿ ಬಿಟ್ಟುಕೊಡಬೇಕು. ತ್ಯಾಗ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ನನಗೆ ಹೊಳೆಯುವುದಿಲ್ಲ.

ಪದದ ಮೂಲ ಹಿಡಿದು ತತ್ತ್ವ ಕಟ್ಟಬಾರದು ಎಂಬ ಆಕ್ಷೇಪಣೆ ಬರುತ್ತದೆ, ಬರಬೇಕಾದದ್ದೇ. ದುಃಖ ಶಬ್ದ ಬಂದದ್ದು ‘ದುಃಸ್ಥ’ದಿಂದ, ಅಂದರೆ ಸರಿಯಾಗಿ ನಿಲ್ಲದ್ದು ಎಂಬುದರಿಂದ ಇರಬಹುದು ಎಂದು ಊಹಿಸಿದ ವಿದ್ವಾಂಸರೂ ಇದ್ದಾರೆ. ಬುದ್ಧನ ಮಾತು ಕೇಳಿದವರಿಗೆ ದುಃಖವೆಂದಾಗ ಬಂಡಿಯ ಗುಂಬ ಕಣ್ಣಿಗೆ ಕಟ್ಟುತ್ತಿತ್ತು ಎಂದು ನಾನೂ ವಾದಿಸಲಾರೆ. ಪದದ ಮೂಲ ಇಲ್ಲಿ ಸಾಕ್ಷಿಯಲ್ಲ, ದಾರಿ ತೋರಿಸುವ ಕೈ. ಆ ದಾರಿಯ ಕೊನೆಯಲ್ಲಿ ಏನಿದೆಯೆಂದು ಕಣ್ಣಿಟ್ಟು ನೋಡಿಯೇ ತೀರ್ಮಾನಿಸಬೇಕು. ಹಬ್ ಕೂರಿಸುವ ಕೆಲಸವನ್ನೇ ನೋಡಿ. ಕೋನನ್ನು ಬಿಗಿ ಮಾಡಿದರೆ ಗುಂಡುಗಳು ಅರೆಯುತ್ತವೆ, ಸಡಿಲ ಬಿಟ್ಟರೆ ಚಕ್ರ ಅಲ್ಲಾಡುತ್ತದೆ. ಲಾಕ್‌ನಟ್ಟು ಬಿಗಿದಾಗ ಕೋನು ತುಸು ಒತ್ತಿಕೊಳ್ಳುತ್ತದೆಂದು ಮೊದಲೇ ಲೆಕ್ಕ ಹಾಕಿ ಅಷ್ಟು ಸಡಿಲ ಬಿಡಬೇಕು. ಹದ ಸರಿಬಂದ ಚಕ್ರವನ್ನು ಎತ್ತಿ ಹಿಡಿದು ಕೈಬಿಟ್ಟರೆ ವಾಲ್ವಿನ ಅಲ್ಪ ಭಾರಕ್ಕೇ ಅದು ತಾನಾಗಿ ತಿರುಗಿ, ಆಚೀಚೆ ತೂಗಿ, ವಾಲ್ವು ಕೆಳಗೆ ಬಂದು ನಿಲ್ಲುತ್ತದೆ. ಅಂಗುತ್ತರ ನಿಕಾಯದಲ್ಲಿ ಬುದ್ಧ ಸೋಣ ಎಂಬ ಭಿಕ್ಷುವಿಗೆ ವೀಣೆಯ ತಂತಿಯ ಉಪಮೆ ಕೊಟ್ಟು ತಿಳಿಹೇಳಿದ್ದು ಇದೇ ಹದವನ್ನು. ಒಮ್ಮೆ ಕೂಡಿಸಿದ ಶ್ರುತಿ ಹೇಗೆ ಇಳಿಯುತ್ತದೋ ಹಾಗೆ ಹಬ್ಬಿನ ಹದವೂ ತಪ್ಪುತ್ತದೆ, ಮತ್ತೆ ಕೈ ಹಾಕಬೇಕಾಗುತ್ತದೆ. ಈಗಿನ ಮುಚ್ಚಿದ ಬೇರಿಂಗುಗಳಿಗೆ ಈ ಹದ ಬೇಕಿಲ್ಲವಲ್ಲ ಎಂದರೆ, ಅವೂ ಸವೆಯುತ್ತವೆ. ಸವೆದಾಗ ಇಡೀ ಬೇರಿಂಗನ್ನು ತಟ್ಟಿ ತೆಗೆದು ಹೊಸದು ಕೂರಿಸುತ್ತಾರೆ, ಗುಂಬ ಉಳಿಯುತ್ತದೆ.

ಇದಕ್ಕಿಂತ ಭಾರವಾದ ಆಕ್ಷೇಪಣೆ ಬೇರೆ ಇದೆ. ಹಸಿವು, ರೋಗ, ಅವಮಾನಗಳಲ್ಲಿ ನವೆಯುತ್ತಿರುವವರಿಗೆ ‘ನಿಮ್ಮ ಹದ ನೀವು ನೋಡಿಕೊಳ್ಳಿ’ ಎನ್ನುವುದು ಕ್ರೌರ್ಯ. ಸವೆತಕ್ಕೊಂದು ಜಾಗ ಎನ್ನುವ ತತ್ತ್ವ, ಸವೆಯಲೆಂದೇ ಕೆಲವರನ್ನು ಗೊತ್ತುಮಾಡುವ ಸಮಾಜಕ್ಕೆ ಸಮರ್ಥನೆಯಾಗಿಬಿಡಬಹುದು. ನಮ್ಮಲ್ಲಿ ಆಗಿಯೂ ಇದೆ. ಚೈನಿನ ಉಪಮೆ ಇಲ್ಲಿಗೆ ನಿಲ್ಲಬೇಕು: ಚೈನನ್ನು ತೆಗೆದು ಬಿಸಾಡಬಹುದು, ಮನುಷ್ಯನನ್ನಲ್ಲ. ಆದರೆ ಹಬ್ಬಿನ ಚರಿತ್ರೆ ಈ ವಿಷಯದಲ್ಲಿ ನೊಂದವರ ಪಕ್ಷದಲ್ಲೇ ಇದೆ. ಗೇರ್ ಸೈಕಲ್ಲುಗಳಲ್ಲಿ ಹಲ್ಲುಚಕ್ರಗಳು ಹೆಚ್ಚಿದಂತೆ ಅವುಗಳನ್ನು ಹೊತ್ತ ಫ್ರೀವೀಲ್ ಅಗಲವಾಗುತ್ತ ಬಂತು, ಬಲಬದಿಯ ಗುಂಡುಗಳು ಫ್ರೇಮಿನಿಂದ ದೂರ ಒಳಗೇ ಉಳಿದುಬಿಟ್ಟವು. ಆಸರೆಯಿಲ್ಲದೆ ಚಾಚಿಕೊಂಡ ಆ ತುಂಡು ಆಕ್ಸಲ್ ಭಾರಕ್ಕೆ ಬಾಗಿ ಮುರಿಯುತ್ತಿತ್ತು. ಉಕ್ಕು ದುರ್ಬಲವೆಂದು ದೂರಬಹುದಿತ್ತು. 1978ರಲ್ಲಿ ಶಿಮಾನೊ ಕಂಪನಿ ತಂದ ಫ್ರೀಹಬ್ ಮಾಡಿದ್ದು ಬೇರೆ: ಫ್ರೀವೀಲಿನ ಕೆಲಸವನ್ನು ಹಬ್ಬಿನ ಅಂಗವನ್ನಾಗಿಸಿ, ಬಲಬದಿಯ ಗುಂಡುಗಳನ್ನೇ ಫ್ರೇಮಿನ ಹತ್ತಿರಕ್ಕೆ ತಂದಿತು. ಭಾರ ಅಷ್ಟೇ ಇತ್ತು, ಆಸರೆ ಹತ್ತಿರ ಬಂತು, ಆಕ್ಸಲ್ ಬಾಗುವುದು ತೀರ ಕಡಿಮೆಯಾಯಿತು. ದುಃಖವನ್ನು ಕೆಟ್ಟ ಗುಂಬವೆಂದು ತಿಳಿದವರು ಮುರಿದವನಿಗೆ ಗಟ್ಟಿಯಾಗು ಎಂದು ಉಪದೇಶಿಸುವುದಿಲ್ಲ, ಅವನ ಆಸರೆ ಎಷ್ಟು ದೂರವಿತ್ತೆಂದು ಅಳೆಯುತ್ತಾರೆ.

ಮೋಕ್ಷವಾದಿಗಳು ಕೇಳುವುದು ಕೊನೆಯ ಪ್ರಶ್ನೆ. ಚಕ್ರ ಸಲೀಸಾಗಿ ತಿರುಗಿದರೂ ಅದು ಸಂಸಾರಚಕ್ರವೇ. ಗುರಿ ಅದನ್ನು ನಿಲ್ಲಿಸುವುದಲ್ಲವೇ? ಆದರೆ ಆ ಪರಂಪರೆಯೇ ನಿಲುಗಡೆಯನ್ನು ಅವಸರಪಡಿಸಲಿಲ್ಲ. ಜ್ಞಾನ ಬಂದ ಮೇಲೂ ದೇಹ ಏಕೆ ಬೀಳುವುದಿಲ್ಲ ಎಂಬುದಕ್ಕೆ ಸಾಂಖ್ಯಕಾರಿಕೆ ಕೊಡುವ ದೃಷ್ಟಾಂತ ಚಕ್ರದ್ದೇ: ಕುಂಬಾರ ಕೈ ತೆಗೆದ ಮೇಲೂ ಹಿಂದಿನ ವೇಗದಿಂದ ತಿಗರಿ ತಿರುಗುತ್ತಿರುತ್ತದೆ. ಫ್ರೀವೀಲ್ ಇಲ್ಲದ ಸೈಕಲ್ಲಿನಲ್ಲಿ ಹೀಗೆ ಕಾಲು ತೆಗೆಯದೆ ಸುಮ್ಮನಿಟ್ಟು ಚಕ್ರವನ್ನಷ್ಟೇ ತಿರುಗಲು ಬಿಡುವುದು ಸಾಧ್ಯವಿಲ್ಲ. ಅಲ್ಲಿ ತುಳಿಯುವುದನ್ನು ಬಿಟ್ಟರೂ ಚಕ್ರವೇ ಕಾಲನ್ನು ಎಳೆದು ತಿರುಗಿಸುತ್ತದೆ, ಮಾಡಿದ ಕರ್ಮ ಮಾಡಿದವನನ್ನು ಎಳೆಯುವಂತೆ. ಫ್ರೀವೀಲಿನಲ್ಲಿ ಸ್ಪ್ರಿಂಗಿನ ಮೇಲೆ ಕೂತ ಸಣ್ಣ ನಾಲಗೆಗಳಿವೆ; ತುಳಿದಾಗ ಒಳಗಿನ ಹಲ್ಲಿಗೆ ಕಚ್ಚಿಕೊಂಡು ಬಲವನ್ನೆಲ್ಲ ದಾಟಿಸುತ್ತವೆ, ತುಳಿಯುವುದು ನಿಂತಾಗ ಜಾರಿ ಬಿಡುತ್ತವೆ. ಪೂರ್ತಿ ದೂರ ಸರಿಯುವುದಿಲ್ಲ. ಇಳಿಜಾರಿನಲ್ಲಿ ಕಾಲು ಸುಮ್ಮನಿರುವಾಗ ಕೇಳುವ ಟಿಕ್ ಟಿಕ್ ಸದ್ದು ಆ ನಾಲಗೆಗಳು ಒಂದೊಂದು ಹಲ್ಲನ್ನೂ ಮುಟ್ಟಿ ದಾಟುತ್ತಿರುವ ಸದ್ದು.