ಗೋಡೆಯ ಹಸಿರು, ಯಾರದೋ ಉಸಿರು

ಹಾಲ್‌ನ ಒಂದು ಗೋಡೆಗೆ ಆಲಿವ್ ಗ್ರೀನ್ ಹೊಡೆಸೋದು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಶೇಡ್ ಕಾರ್ಡ್ ನೋಡಿದ ಅಮ್ಮ, 'ಇದು ಪಾಚಿ ಬಣ್ಣ ಅಲ್ವೇನೋ?' ಅಂದರು. ತಪ್ಪೇನಿಲ್ಲ. ಹಳದಿಗೆ ಚೂರು ಕಪ್ಪು ಬೆರೆಸಿದರೂ ಹುಟ್ಟುವ ಮಬ್ಬು ಹಸಿರು ಅದು. ಮರದ ಟೇಬಲ್ಲು, ಬೆತ್ತದ ಕುರ್ಚಿ, ಹಿತ್ತಾಳೆ ದೀಪ, ಎಲ್ಲದರ ಜೊತೆಗೂ ಹೊಂದಿಕೊಳ್ಳುತ್ತೆ. ದಿನವಿಡೀ ಸ್ಕ್ರೀನ್ ನೋಡಿದ ಕಣ್ಣಿಗೆ ಹಾಯೆನಿಸುತ್ತೆ.

ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ನನ್ನ ಕಣ್ಣಿನ ಈ ಹಾಯಿಗೆ ಇನ್ಯಾರೋ ಬೆಲೆ ತೆರುತ್ತಿದ್ದರೆ, ಅದು ನನ್ನ ಲೆಕ್ಕಕ್ಕೆ ಬರಬೇಕೋ ಬೇಡವೋ?

ಹಸಿರಿಗೆ ಈ ಪ್ರಶ್ನೆ ಹಳೆಯದು. 1775ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ, ತಾಮ್ರ ಮತ್ತು ಆರ್ಸೆನಿಕ್‌ನಿಂದ ಒಂದು ಹಸಿರು ತಯಾರಿಸಿದ. ಮುಂದಿನ ಶತಮಾನದಲ್ಲಿ ಇಂಥ ಆರ್ಸೆನಿಕ್ ಹಸಿರು ಯುರೋಪಿನ ವಾಲ್‌ಪೇಪರ್, ಉಡುಪು, ಕೃತಕ ಹೂಗಳನ್ನೆಲ್ಲ ಆವರಿಸಿತು. 1861ರಲ್ಲಿ ಲಂಡನ್ನಿನಲ್ಲಿ ಮಟಿಲ್ಡಾ ಶೂರರ್ ಎಂಬ 19 ವರ್ಷದ ಹುಡುಗಿ ಸತ್ತಳು. ಕೃತಕ ಎಲೆಗಳ ಮೇಲೆ ಆ ಹಸಿರು ಪುಡಿ ಉದುರಿಸೋದು ಅವಳ ಕೆಲಸ. ಅದನ್ನು ಮುಡಿದವರು ಒಂದು ಸಂಜೆ ಔತಣಕ್ಕೆ ಹೋಗಿಬರುತ್ತಿದ್ದರು. ಅವಳು ದಿನವೂ ಆ ಧೂಳಿನಲ್ಲೇ ಉಸಿರಾಡುತ್ತಿದ್ದಳು.

ಆ ಹಸಿರು ಈಗ ನಮ್ಮ ಗೋಡೆ ಬಣ್ಣಗಳಲ್ಲಿಲ್ಲ. ಸೀಸಕ್ಕೂ ಮಿತಿ ಬಂದಿದೆ: 2016ರ ನಿಯಮದ ಪ್ರಕಾರ ಮನೆ ಬಣ್ಣದಲ್ಲಿ ಅದು 90 ಪಿಪಿಎಂ ಮೀರುವಂತಿಲ್ಲ. 2017ರ ನವೆಂಬರ್‌ನಿಂದ ಇದು ಜಾರಿಯಲ್ಲಿದೆ. ಆದರೆ ಹೊಸದು ಹಚ್ಚೋಕೆ ಮುಂಚೆ ಹಳೆಯದನ್ನು ಉಜ್ಜಬೇಕಲ್ಲ? ಹಳೆ ಮನೆಗಳ ಬಾಗಿಲು, ಕಿಟಕಿ ಸರಳಿನ ಆಯಿಲ್ ಪೇಂಟ್‌ನಲ್ಲಿ ಸೀಸ ಇರಬಹುದು. ಪುಟ್ಟಿ ಉಜ್ಜಿದಾಗ ಏಳೋ ಬಿಳಿ ಧೂಳು ಬೇರೆ. ನಾವು ಎರಡು ದಿನ ನೆಂಟರ ಮನೇಲಿದ್ದು ಬರ್ತೀವಿ. ಪೇಂಟರ್ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಅಲ್ಲೇ ಇರ್ತಾರೆ. ಆಮೇಲೆ ಮುಂದಿನ ಮನೆ, ಮುಂದಿನ ಧೂಳು.

ಅಂಗಡಿಯಲ್ಲಿ 'ವಾಸನೆ ಕಮ್ಮಿ ಇರೋದು ಕೊಡಿ, ಮನೇಲಿ ಮಗು ಇದೆ' ಅಂತೀವಿ. ಸರಿಯೇ. ಮಗು ಆ ವಾಸನೆಯಲ್ಲಿ ಇರೋದು ಒಂದು ವಾರ. ಪೇಂಟರ್ ಇರೋದು ವರ್ಷವಿಡೀ.

'ಕೇಳಿದ ರೇಟು ಕೊಟ್ಟಿದೀವಲ್ಲ, ಮುಗೀತು' ಅನ್ನೋ ವಾದ ಇದೆ. ಸುಲಭಕ್ಕೆ ತಳ್ಳಿಹಾಕೋ ಮಾತಲ್ಲ ಅದು. ವ್ಯವಹಾರ ಇಬ್ಬರೂ ಒಪ್ಪಿದ್ದು. ಬಣ್ಣವೇ ಬೇಡ ಅಂದರೆ ಅವರ ಕೂಲಿಯೇ ಹೋಗುತ್ತೆ. ನನ್ನ ಪಾಪಪ್ರಜ್ಞೆಯಿಂದ ಯಾರ ಹೊಟ್ಟೆಯೂ ತುಂಬಲ್ಲ. ಆದರೆ ರೇಟು ಕಟ್ಟೋದು ಚದರಡಿ ಲೆಕ್ಕದಲ್ಲಿ. ನಿಧಾನವಾಗಿ, ಧೂಳೇಳದಂತೆ ಕೆಲಸ ಮಾಡೋ ಸಮಯಕ್ಕೆ ಅದರಲ್ಲಿ ಜಾಗವಿಲ್ಲ. 'ಬೇಗ ಮುಗಿಸಿ' ಅಂತ ಅವಸರ ಮಾಡೋರೂ ನಾವೇ. ರೇಟಿಗೆ ಒಪ್ಪಿದವರು ಧೂಳಿಗೂ ಒಪ್ಪಿದರು ಅನ್ನಬಹುದಾ? ಮಟಿಲ್ಡಾ ಕೂಡ ಕೂಲಿಗೆ ಒಪ್ಪಿಯೇ ಹೋಗಿದ್ದವಳು.

ನನ್ನ ಮನೆ ಚಂದ ಕಾಣಲಿ ಅಂತ ಎದ್ದ ಧೂಳು ನನ್ನ ಹೊಣೆ ಅನ್ನೋದು ನನ್ನ ನಿಲುವು. ಹಾಗಾಗಿ ಕೊಟೇಶನ್‌ಗೆ ಮೂರು ಸಾಲು ಸೇರಿಸಿದೀನಿ: ಒಳ್ಳೆಯ ಮಾಸ್ಕು; ಹಳೆ ಆಯಿಲ್ ಪೇಂಟನ್ನು ಒದ್ದೆ ಮಾಡಿಯೇ ಉಜ್ಜೋದು; ಅದಕ್ಕೆ ಹಿಡಿಯೋ ಹೆಚ್ಚಿನ ದಿನಗಳ ಕೂಲಿ.

ನಿಮ್ಮ ಕೊಟೇಶನ್‌ನಲ್ಲೂ ಇವು ಇವೆಯಾ ನೋಡಿ. ಇಲ್ಲದಿದ್ದರೆ ನೀವೇ ಮಾತು ತೆಗೀರಿ. ಪೇಂಟರ್ ತಾವಾಗಿ ಕೇಳೋದು ಕಷ್ಟ. ಕೇಳಿದರೆ ಕೆಲಸ ಇನ್ನೊಬ್ಬರ ಪಾಲಾಗುತ್ತೆ ಅನ್ನೋ ಭಯ ಅವರಿಗಿರುತ್ತೆ.