ಮಾತು ನಡೆಯುವ ಮನೆ

ಕನ್ನಡದಲ್ಲಿ ‘ಮನೆ’ ಎಂಬ ಮಾತಿನ ಔದಾರ್ಯ ದೊಡ್ಡದು. ಅಡಿಗೆ ಮಾಡುವ ಕೋಣೆ ನಮಗೆ ಅಡಿಗೆಮನೆ; ಮೀಯುವ ಮೂಲೆ ಬಚ್ಚಲುಮನೆ; ಅರಸನಿದ್ದರೆ ಅರಮನೆ; ಕಳ್ಳನನ್ನು ಕೂಡಿಹಾಕುವ ಕಟ್ಟಡವನ್ನು ಕೂಡ ಸೆರೆಮನೆಯೆಂದು ಕರೆಯುವಷ್ಟು ಧಾರಾಳ ನಮ್ಮದು. ಮುದುಕರನ್ನು ಇರಿಸುವ ಕಟ್ಟಡದ ಸರದಿ ಬಂದಾಗ ಮಾತ್ರ ಈ ಮಾತು ನಮ್ಮ ಬಾಯಿಗೆ ಬರಲಿಲ್ಲ. ಅದನ್ನು ‘ವೃದ್ಧಾಶ್ರಮ’ ಎಂದೆವು. ಹೆಸರಿಟ್ಟವರ ಮನಸ್ಸಿನಲ್ಲಿ ಗೌರವವೇ ಇದ್ದೀತು. ಆದರೆ ಆಶ್ರಮವೆಂದರೆ ನಮ್ಮ ಹಿಂದಿನವರಿಗೆ ಬದುಕಿನ ಒಂದು ಮೆಟ್ಟಿಲು; ಮನುಷ್ಯ ತಾನಾಗಿ ಹತ್ತತಕ್ಕದ್ದು. ಮಗನ ಮಗನ ಮುಖ ಕಂಡ ಮೇಲೆ ಗೃಹಸ್ಥನು ವನಕ್ಕೆ ಹೊರಡಬೇಕೆಂದು ಶಾಸ್ತ್ರ ಹೇಳಿತು. ಹೊರಡುವ ಕಾಲು ಅವನದೇ. ಈಗಿನ ಆಶ್ರಮಕ್ಕೆ ತಾವಾಗಿ ಹೊರಡುವವರು ಅಪರೂಪ. ಬಾಗಿಲಿಗೆ ಕಾರು ಬರುತ್ತದೆ, ಸೂಟ್‌ಕೇಸು ಮೊದಲೇ ತುಂಬಿರುತ್ತದೆ.

ಮಕ್ಕಳನ್ನು ಬಯ್ಯುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಹಾಗೆ ಬಯ್ಯುವ ಲೇಖನಗಳು ಬೇಕಾದಷ್ಟು ಬಂದಿವೆ; ಓದಿದ ಮಕ್ಕಳು ಒಂದು ಸಂಜೆ ನೊಂದುಕೊಂಡು ಮರುದಿನ ಕೆಲಸಕ್ಕೆ ಹೋಗುತ್ತಾರೆ, ಹೋಗದೆ ನಿರ್ವಾಹವೂ ಇಲ್ಲ. 2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ ಅರವತ್ತು ತುಂಬಿದವರ ಸಂಖ್ಯೆ ಹತ್ತು ಕೋಟಿಯನ್ನು ದಾಟಿತ್ತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈಗ ಉಳಿದಿರುವವರು ಇಬ್ಬರು ಮುದುಕರು ಮತ್ತು ಒಂದು ನಾಯಿ. ಹಾಸಿಗೆ ಹಿಡಿದವರನ್ನು ಎತ್ತಿ ಕೂರಿಸುವ ಕೈ ಮನೆಯಲ್ಲಿಲ್ಲದಾಗ ಅದನ್ನು ಹೊರಗೆ ಹುಡುಕುವುದು ಪಾಪವಲ್ಲ. ಕಳಿಸಿದ ಮೇಲೆ ಅವರಿಗೆ ಸಲ್ಲತಕ್ಕದ್ದು ಏನು ಎಂಬುದಷ್ಟೇ ನನ್ನ ಪ್ರಶ್ನೆ. ಅನ್ನ, ಔಷಧ, ಒಗೆದ ಹಾಸಿಗೆ—ಇಷ್ಟಾದರೆ ಋಣ ತೀರಿತೆ?

ನಮ್ಮ ದೊಡ್ಡವ್ವನ ಸಂಗತಿಯನ್ನು ಇಲ್ಲಿ ಹೇಳಬೇಕು. ಸಕಲೇಶಪುರದಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಶಿರಾಡಿ ಘಟ್ಟವನ್ನು ಇಳಿಯುವ ಮುನ್ನ ಸಿಗುವ ಮಾರನಹಳ್ಳಿಯ ಕಡೆಯವಳು ಆಕೆ. ಒಂದು ಮಳೆಗಾಲ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದ ಮೇಲೆ ಮಕ್ಕಳು ದೂರದ ಪಟ್ಟಣದ ಒಂದು ಆಶ್ರಮಕ್ಕೆ ಸೇರಿಸಿದರು. ನಾನು ನೋಡಲು ಹೋದೆ. ಸ್ಥಳ ಚೊಕ್ಕಟವಾಗಿಯೇ ಇತ್ತು. ಉದ್ದನೆಯ ಹಜಾರ, ಎರಡು ಸಾಲು ಮಂಚ, ಪ್ರತಿ ಮಂಚದ ತಲೆಯ ಕಡೆ ಗೋಡೆಗೆ ಒಂದು ನಂಬರು. ಬೆಳಗ್ಗೆ ಐದಕ್ಕೆ ಸ್ನಾನ, ಆರೂವರೆಗೆ ಕಾಫಿ, ಸಂಜೆ ಆರೂವರೆಗೆ ಊಟ, ಎಂಟಕ್ಕೆ ದೀಪ ಆರಿತು. ದಾದಿಯರು ಒಳ್ಳೆಯವರು, ಎಲ್ಲರನ್ನೂ ‘ಅಮ್ಮಾ’ ಎಂದೇ ಕರೆಯುತ್ತಿದ್ದರು, ಹೆಸರು ನೆನಪಿಡುವ ತೊಂದರೆಯೂ ಅದರಿಂದ ತಪ್ಪುತ್ತಿತ್ತು. “ಊಟ ಹೆಂಗೆ ದೊಡ್ಡವ್ವ?” ಎಂದು ಕೇಳಿದೆ. “ಊಟಕ್ಕೇನೂ ಕಮ್ಮಿ ಇಲ್ಲ ಕಣ್ ಮಗ. ಇಲ್ಲಿ ನನ್ ಮಾತು ಒಂದೂ ನಡಿಯಲ್ಲ, ಅಷ್ಟೆ” ಎಂದಳು.

ಆಕೆ ಊರಾಳಿದವಳಲ್ಲ. ಮನೆಯಲ್ಲಿ ಆಕೆಯ ಮಾತು ನಡೆಯುತ್ತಿದ್ದದ್ದು ಸಣ್ಣಪುಟ್ಟದರಲ್ಲೇ: ಒಲೆ ಎಷ್ಟು ಹೊತ್ತಿಗೆ ಹಚ್ಚಬೇಕು, ಕಾಫಿಗೆ ಬೆಲ್ಲ ಎಷ್ಟು, ಕರುವನ್ನು ಯಾವಾಗ ಕಟ್ಟಬೇಕು, ಕಳಲೆಯನ್ನು ಇವತ್ತು ಮಾಡುವುದೋ ನಾಳೆಯೋ. ಹೊರಗಿನವರಿಗೆ ಇವು ಲೆಕ್ಕಕ್ಕಿಲ್ಲ. ಎಂಬತ್ತು ವರ್ಷ ಬದುಕಿದವರಿಗೆ ‘ನಾನು’ ಎಂಬುದು ಇಂಥವುಗಳ ಮೊತ್ತ. ನಡೆಯುವುದು ಕಾಲಿನ ಕೆಲಸವೆನ್ನುತ್ತೇವೆ. ಕಾಲು ನಿಂತ ಮೇಲೆ ಮಾತಾದರೂ ನಡೆಯಬೇಡವೆ? ಮಂಚಕ್ಕೆ ಅಂಟಿದ ಮುದುಕಿಗೆ ‘ಕಿಟಕಿ ತೆಗಿ’ ಎಂದು ಹೇಳಿ ಕಿಟಕಿ ತೆರೆಸಿಕೊಳ್ಳಲು ಸಾಧ್ಯವಾದರೆ ಆಕೆ ಇನ್ನೂ ಅಷ್ಟು ದೂರ ನಡೆದಳೆಂದೇ ಅರ್ಥ.

ಇದು ಬರೀ ಭಾವುಕತೆಯೆಂದು ಎಣಿಸಬಾರದು. 1976ರಲ್ಲಿ ಅಮೆರಿಕದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಕನೆಕ್ಟಿಕಟ್ ಪ್ರಾಂತದ ಒಂದು ವೃದ್ಧಾಲಯದಲ್ಲಿ ಮಾಡಿದ ಪ್ರಯೋಗವೊಂದುಂಟು. ಒಂದು ಅಂತಸ್ತಿನವರಿಗೆ, ಕೋಣೆಯನ್ನು ಹೇಗೆ ಜೋಡಿಸಿಕೊಳ್ಳಬೇಕೆಂಬುದು ನಿಮಗೇ ಬಿಟ್ಟದ್ದು, ಇಗೋ ಒಂದು ಗಿಡ, ನೀವೇ ಸಾಕಿ ಎಂದರು. ಇನ್ನೊಂದು ಅಂತಸ್ತಿನವರಿಗೂ ಗಿಡ ಕೊಟ್ಟರು, ನೀರು ಹಾಕುವುದನ್ನು ದಾದಿಯರು ನೋಡಿಕೊಳ್ಳುತ್ತಾರೆ ಎಂದರು. ಕೆಲವೇ ವಾರಗಳಲ್ಲಿ ಮೊದಲನೆಯವರು ಹೆಚ್ಚು ಲವಲವಿಕೆಯಿಂದ ಇದ್ದರೆಂದು ಕಂಡುಬಂತು. ಅವರು ಹೆಚ್ಚು ಕಾಲ ಬದುಕಿದರೆಂಬ ಲೆಕ್ಕವೊಂದು ಆಮೇಲೆ ಬಂದು, ಅದಕ್ಕೆ ತಿದ್ದುಪಡಿಯೂ ಬಂತು. ಆ ಭಾಗವನ್ನು ನಾನು ಆಧಾರವಾಗಿ ಹಿಡಿಯುವುದಿಲ್ಲ. ಹಿಡಿಯಬೇಕಾದ ಅಗತ್ಯವೂ ಇಲ್ಲ. ಒಂದು ದಿನವೂ ಹೆಚ್ಚು ಬದುಕದಿದ್ದರೇನು, ಬದುಕಿದ ದಿನ ತನ್ನದಾಗಿದ್ದರೆ ಸಾಲದೆ?

ಅದೇ ದೇಶದ ಬಿಲ್ ಥಾಮಸ್ ಎಂಬ ವೈದ್ಯ 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ಪ್ರಾಂತದ ಸಣ್ಣ ಊರೊಂದರ ವೃದ್ಧಾಲಯಕ್ಕೆ ನೇಮಕವಾದ. ಅಲ್ಲಿ ಮುದುಕರನ್ನು ತಿನ್ನುತ್ತಿರುವ ಮೂರು ಪಿಡುಗುಗಳೆಂದರೆ ಒಂಟಿತನ, ನಿಸ್ಸಹಾಯತೆ, ಬೇಸರ ಎಂದು ಅವನಿಗೆ ತೋರಿತು. ಔಷಧ ಬರೆಯುವ ಬದಲು ನಾಯಿಗಳನ್ನೂ ಬೆಕ್ಕುಗಳನ್ನೂ ನೂರು ಗಿಣಿಗಳನ್ನೂ ತರಿಸಿದ. ಪಂಜರಗಳಿಗಿಂತ ಮೊದಲು ಗಿಣಿಗಳೇ ಬಂದುಬಿಟ್ಟು, ಅವನ್ನು ಹಿಡಿಯಲು ಸಿಬ್ಬಂದಿ ಪಟ್ಟ ಪಾಡನ್ನು ಕಂಡು ಮುದುಕರು ನಕ್ಕರಂತೆ. ಆದರೆ ಥಾಮಸ್ ಅಷ್ಟಕ್ಕೇ ನಿಲ್ಲಲಿಲ್ಲ. ಕಟ್ಟಡವೇ ತಪ್ಪಾಗಿದ್ದರೆ ಅದರೊಳಗೆ ಗಿಣಿ ತಂದು ಏನು ಫಲ ಎಂದು ಯೋಚಿಸಿ ಪುಟ್ಟ ಮನೆಗಳ ಕಲ್ಪನೆ ಮಾಡಿದ. 2003ರಲ್ಲಿ ಮಿಸಿಸಿಪ್ಪಿ ಪ್ರಾಂತದ ಟುಪೆಲೊ ಎಂಬಲ್ಲಿ ಅಂಥ ಮೊದಲ ಮನೆಗಳು ಎದ್ದವು: ಮನೆಗೆ ಹತ್ತು ಜನ, ಒಬ್ಬೊಬ್ಬರಿಗೆ ಒಂದೊಂದು ಕೋಣೆ, ನಡುವೆ ಕಣ್ಣಿಗೆ ಕಾಣುವ ಅಡಿಗೆಮನೆ, ಎಲ್ಲರೂ ಸುತ್ತ ಕೂರುವ ಒಂದೇ ಮೇಜು. ಅಡಿಗೆ ಮಾಡುವವರು, ಬಟ್ಟೆ ಒಗೆಯುವವರು, ಮೈ ತೊಳೆಸುವವರು ಬೇರೆ ಬೇರೆಯಲ್ಲ. ಆ ಮನೆಯ ಕೆಲಸದವರೇ ಎಲ್ಲವನ್ನೂ ಮಾಡುತ್ತಾರೆ. ಮನೆಯ ದಿನಚರಿಯನ್ನು ಮೇಲಧಿಕಾರಿಯಲ್ಲ, ಅವರೂ ಮನೆಯ ಮುದುಕರೂ ಸೇರಿ ಗೊತ್ತುಮಾಡುತ್ತಾರೆ.

ನಮ್ಮಲ್ಲಿ ಏನಿದೆ? ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕೇಂದ್ರದ ಕಾಯಿದೆಯ 19ನೆಯ ಪ್ರಕರಣವನ್ನು ನೋಡಬಹುದು. ರಾಜ್ಯ ಸರ್ಕಾರಗಳು ಜಿಲ್ಲೆಗೆ ಕನಿಷ್ಠ ಒಂದರಿಂದ ಆರಂಭಿಸಿ, ನಿರ್ಗತಿಕರಾದ ಕನಿಷ್ಠ 150 ಹಿರಿಯರಿಗೆ ಸ್ಥಳವಾಗುವಂತೆ, ಹೋಗಿಬರಲು ಅನುಕೂಲವಾದ ಕಡೆ ವೃದ್ಧಾಲಯಗಳನ್ನು ಸ್ಥಾಪಿಸಬಹುದು ಎಂದು ಅಲ್ಲಿದೆ. ‘ಸ್ಥಾಪಿಸಬಹುದು’; ಸ್ಥಾಪಿಸಬೇಕು ಎಂದಲ್ಲ. ವ್ಯಾಕರಣ ಕಲಿಸಿ ಬದುಕುವ ನನ್ನಂಥವನ ಕಣ್ಣು ಆ ‘ಬಹುದು’ವಿನ ಮೇಲೆ ಮೊದಲು ಬೀಳುವುದು ಸಹಜ. ಆದರೆ ನನ್ನನ್ನು ಹೆಚ್ಚು ಕಾಡಿದ್ದು 150 ಎಂಬ ಅಂಕಿ. ಅದನ್ನು ಓದಿದೊಡನೆ ಎಂಜಿನಿಯರನ ಮನಸ್ಸಿನಲ್ಲಿ ಉದ್ದನೆಯ ಹಜಾರ ಮೂಡುತ್ತದೆ. ಮೂಡಲೇಬೇಕೆಂದೇನೂ ಇಲ್ಲ. ನೆದರ್‌ಲೆಂಡಿನ ಹೋಗೆವೈಕ್ ಎಂಬ ಮರೆಗುಳಿ ವೃದ್ಧರ ಪುಟ್ಟ ಊರಿನಲ್ಲಿ ಮೊದಲು ಇದ್ದವರ ಸಂಖ್ಯೆ 152. ಅವರಿಗಿದ್ದ ಮನೆಗಳು 23. ಜಪಾನಿನಲ್ಲಿ ಇಂಥ ವೃದ್ಧರ ಗುಂಪುಮನೆಗೆ ಐದರಿಂದ ಒಂಬತ್ತು ಜನವೆಂದು ಮಿತಿಯಿಟ್ಟು, 2000ದಲ್ಲಿ ಜಾರಿಗೆ ಬಂದ ದೀರ್ಘಾವಧಿ ಶುಶ್ರೂಷೆಯ ವಿಮೆಯೊಳಗೆ ಅದನ್ನೂ ಸೇರಿಸಿದರು.

ಇಷ್ಟು ಓದಿದ ವಾಚಕರು, ಇದೇನು ಹೊಸದು, ನಮ್ಮ ತೊಟ್ಟಿಮನೆಯೇ ಹೀಗಿತ್ತಲ್ಲ ಎಂದಾರು. ಜಗುಲಿ, ನಡುವೆ ತೊಟ್ಟಿ, ಬಚ್ಚಲ ಒಲೆಯ ಮುಂದೆ ಬೆಂಕಿ ಕಾಯುವ ಅಜ್ಜ: ಚಿತ್ರವೇನೋ ಸೊಗಸಾಗಿದೆ. ಆ ಅಜ್ಜನ ಹಂಡೆಗೆ ನೀರು ಹೊತ್ತವರು ಯಾರೆಂದು ಕೇಳಿದರೆ ಸೊಗಸು ಸ್ವಲ್ಪ ಇಳಿಯುತ್ತದೆ. ಅವನ ಮಾತು ನಡೆಯುವುದಕ್ಕಾಗಿ ಮೂವರು ಸೊಸೆಯರು ಮಾತಿಲ್ಲದೆ ಇದ್ದರು. ಗಂಡ ಸತ್ತ ಅಜ್ಜಿಗೆ ಅದೇ ಮನೆಯಲ್ಲಿ ಕತ್ತಲೆಯ ಕೋಣೆ ದೊರೆಯುತ್ತಿದ್ದದ್ದೂ ಉಂಟು. ಇನ್ನು ಕಾಫಿ ತೋಟದ ಲೈನ್‌ಮನೆಗಳು. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆ ಕೆಲಸಗಾರರಿಗೆ ವಸತಿ ಕೊಡಬೇಕೆಂದು ವಿಧಿಸಿತು. ಆದರೆ ಆ ವಸತಿ ಕೆಲಸಕ್ಕೆ ಅಂಟಿದ್ದು. ಮೈಯಲ್ಲಿ ಕಸುವಿರುವವರೆಗೆ ಮನೆ, ಕಸುವು ಹೋದ ದಿನ ಮನೆ ಇನ್ನೊಬ್ಬರದು. ನಲವತ್ತು ವರ್ಷ ಹಣ್ಣು ಕೊಯ್ದ ಹೆಂಗಸಿಗೆ ತೊಟ್ಟಿಮನೆಯ ಹಂಬಲವನ್ನು ಹೇಳಹೊರಟರೆ ಅವಳು ನಕ್ಕಾಳು. ‘ಮನೆಯಂಥ’ ಎಂದಾಗ ಯಾರ ಮನೆಯಂಥ ಎಂದು ಕೇಳಬೇಕು.

ಹೋಗೆವೈಕಿನವರು ಈ ಪ್ರಶ್ನೆಗೆ ಒಂದು ಉತ್ತರ ಕಂಡುಕೊಂಡರು: ಜೀವನಕ್ರಮ ಒಂದೇ ಬಗೆಯದಾಗಿದ್ದವರನ್ನು ಒಂದು ಮನೆಯಲ್ಲಿ ಸೇರಿಸಿದರು, ಹಿಂದೆ ಇಂಡೋನೇಷಿಯದಲ್ಲಿ ಬಾಳಿದವರಿಗೆ ಆ ರೀತಿಯ ಮನೆಯೂ ಇತ್ತು. ಇದನ್ನು ಹಾಗೆಯೇ ಹಾಸನಕ್ಕೆ ತಂದರೆ ಏನಾಗುತ್ತದೆಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ. ಆರು ತಿಂಗಳಲ್ಲಿ ಒಂದೊಂದು ಜಾತಿಗೆ ಒಂದೊಂದು ಮನೆಯಾಗುತ್ತದೆ, ‘ಅವರ ರುಚಿ ಬೇರೆ’ ಎಂಬ ಸಭ್ಯವಾದ ಕಾರಣದೊಡನೆ. ಆದರೆ ರುಚಿಯ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ. ಅನೇಕ ಆಶ್ರಮಗಳಲ್ಲಿ ಸಸ್ಯಾಹಾರವೇ ನಿಯಮ. ಬದುಕಿಡೀ ಏಡಿ ಸಾರು, ಕೋಳಿ ಸಾರು ಉಂಡವರು ಕೊನೆಯ ಹತ್ತು ವರ್ಷ ಇನ್ನೊಬ್ಬರ ಮಡಿಯನ್ನು ಉಣ್ಣಬೇಕು. ಒಂದೇ ಒಲೆಯ ಮೇಲೆ ಎರಡು ಪಾತ್ರೆಗೆ ಜಾಗ ಮಾಡುವುದು ಹತ್ತು ಜನರ ಮನೆಯಲ್ಲಿ ಕಷ್ಟ, ಆದರೆ ಸಾಧ್ಯ; ನೂರೈವತ್ತು ಜನರ ಪಾಕಶಾಲೆಯಲ್ಲಿ ಕನಸು. ಪುಟ್ಟ ಮನೆಯ ಪರವಾಗಿ ನನಗೆ ತೋರುವ ದೊಡ್ಡ ವಾದ ಇದು. ಅಲ್ಲಿ ಜಗಳ ಆಗುತ್ತದೆ, ಆದ ಜಗಳವನ್ನು ಊಟದ ಮೇಜಿನ ಸುತ್ತಲೇ ತೀರಿಸಲೂ ಬರುತ್ತದೆ.

ಕಷ್ಟವಾದ ಪ್ರಶ್ನೆ ಬೇರೆ ಇದೆ. ಸಕ್ಕರೆ ಕಾಯಿಲೆಯ ಮುದುಕಿ ಬೆಲ್ಲದ ಕಾಫಿಯೇ ಬೇಕೆಂದರೆ? ಒಮ್ಮೆ ಬಿದ್ದವಳು ನಸುಕಿನಲ್ಲಿ ಎದ್ದು ತಾನೇ ಒಲೆ ಹಚ್ಚುತ್ತೇನೆಂದರೆ? ಮಾತು ನಡೆಯಲಿ ಎನ್ನುವವರು ಇಲ್ಲಿಯೂ ಹಾಗೆಯೇ ಎನ್ನುತ್ತಾರೆಯೆ? ಮುದುಕರು ಮಕ್ಕಳಿದ್ದಂತೆ ಎಂಬ ನಾಣ್ನುಡಿಯನ್ನು ಈ ಗಳಿಗೆಯಲ್ಲಿ ಎಲ್ಲರೂ ತೆಗೆಯುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಮಗುವಿನ ಹಟಕ್ಕೆ ಹಿಂದೆ ಏನೂ ಇಲ್ಲ, ಮುಂದೆ ಎಲ್ಲ ಇದೆ. ಅದನ್ನು ತಡೆದು ಮುಂದಿನದನ್ನು ಕಾಯುತ್ತೇವೆ. ಮುದುಕಿಯ ಹಟದ ಹಿಂದೆ ಎಂಬತ್ತು ವರ್ಷಗಳಿವೆ. ಆಕೆಯನ್ನು ತಡೆದು ಯಾವ ಮುಂದಿನದನ್ನು ಕಾಯುತ್ತೇವೆ? ನಿಜ ಹೇಳಬೇಕೆಂದರೆ ಎಷ್ಟೋ ಸಲ ಕಾಯುವುದು ನಮ್ಮ ನಿದ್ದೆಯನ್ನು. ಬಿದ್ದುಬಿಟ್ಟರೆ ದೂರು ಯಾರ ತಲೆಗೆ ಬರುತ್ತದೆ ಎಂಬ ಭಯ ಸಂಸ್ಥೆಯವರಿಗೆ, ಬೆಂಗಳೂರಿನಲ್ಲಿ ಫೋನು ರಿಂಗಾದೀತೆಂಬ ಭಯ ಮಕ್ಕಳಿಗೆ. ಅಪಾಯವನ್ನು ಆಕೆಗೆ ತಿಳಿಯುವ ಮಾತಿನಲ್ಲಿ ಹೇಳಬೇಕು, ಒಲೆಯ ಹತ್ತಿರ ಗೋಡೆಗೆ ಹಿಡಿಕೆ ಹಾಕಿಸಬೇಕು, ನಸುಕಿನಲ್ಲಿ ಒಬ್ಬರು ಪಕ್ಕದಲ್ಲಿ ಇರಬೇಕು. ಆಮೇಲೂ ಬೇಕೆಂದರೆ ಬೆಲ್ಲ ಕೊಡಬೇಕು. ಇನ್ನೊಬ್ಬರ ಮೈಗೆ ಕೇಡಾಗುವಲ್ಲಿ ಮಾತ್ರ ಅಡ್ಡ ಬರಬಹುದು. ವೈದ್ಯರು ಇದನ್ನು ಒಪ್ಪಲಾರರು. ಅವರೊಡನೆ ವಾದಿಸಲು ನಾನು ಸಿದ್ಧ.

ನೆನಪೇ ಹೋದವರ ವಿಷಯದಲ್ಲಿ ವಾದ ಇಷ್ಟು ಸುಲಭವಲ್ಲ. ಅವರ ಮಾತು ಯಾವುದೆಂದು ಹುಡುಕಬೇಕಾಗುತ್ತದೆ. ಸಂಜೆಯಾದೊಡನೆ “ಹಸ ಬಂತಾ?” ಎಂದು ಬಾಗಿಲಿಗೆ ಹೊರಡುವ ಮುದುಕಿಯರನ್ನು ಮಲೆನಾಡಿನಲ್ಲಿ ಕಂಡವರು ಬಲ್ಲರು. ಹಜಾರದಲ್ಲಿ ಸಿಗುವ ಉತ್ತರ, ಇಲ್ಲಿ ಹಸು ಗಿಸು ಇಲ್ಲ, ಕೂತ್ಕೊಳ್ಳಿ ಎಂಬುದು. ಸತ್ಯವೇ. ಆದರೆ ಆಕೆ ಕೇಳಿದ್ದು ಹಸುವನ್ನಷ್ಟೇ ಅಲ್ಲ, ಆ ಹೊತ್ತಿಗೆ ತನಗಿದ್ದ ಕೆಲಸವನ್ನು. ಪುಟ್ಟ ಮನೆಯಲ್ಲಿ ಒಬ್ಬಳು ಎದ್ದು ಬಂದು ಆಕೆಯ ಕೈ ಹಿಡಿದು ಜಗುಲಿಯವರೆಗೆ ಹೋಗಿ ನಾಲ್ಕು ನಿಮಿಷ ನಿಂತು ಬರಬಹುದು. ಹೀಗೆ ಎದ್ದು ಬರಬೇಕಾದ ಆ ಹೆಂಗಸಿಗೆ ಯೋಗ್ಯವಾದ ಸಂಬಳ, ರಜ, ಅದೇ ಮೇಜಿನ ಬಳಿ ಊಟ, ಮನೆಯ ವಿಚಾರದಲ್ಲಿ ಮಾತು—ಇವು ಇಲ್ಲದಿದ್ದರೆ ಹಳೆಯ ತೊಟ್ಟಿಮನೆಯ ಸೊಸೆಯನ್ನೇ ನಾವು ಕೂಲಿಗೆ ಹಿಡಿದಂತಾಯಿತು.

ಹಾಸನ ಜಿಲ್ಲೆಯಲ್ಲಿ ಎಂಟು ತಾಲ್ಲೂಕುಗಳಿವೆ. ಕಾಯಿದೆಯ 150ನ್ನು ಎಂಟರಿಂದ ಭಾಗಿಸಿದರೆ ತಾಲ್ಲೂಕಿಗೆ ಹತ್ತೊಂಬತ್ತು ಜನ. ಒಂಬತ್ತು ಹತ್ತು ಜನರ ಎರಡು ಮನೆ. ಸಕಲೇಶಪುರದ ಪಾಲಿಗೆ ಒಂದು ಪೇಟೆಯಲ್ಲಿ, ಇನ್ನೊಂದು ಮಾರನಹಳ್ಳಿಯ ಕಡೆ ಎಂದಿಟ್ಟುಕೊಳ್ಳೋಣ. ಮಾರನಹಳ್ಳಿಯದಕ್ಕೆ ಗಾಳಿಮಳೆ ತಡೆಯುವ ಅಗಲವಾದ ಸೂರು, ಹೊಸ್ತಿಲಿಲ್ಲದ ಬಾಗಿಲುಗಳು, ಒಳಗಿನಿಂದ ಹಾಕಿಕೊಳ್ಳಬಹುದಾದ ಚಿಲಕ, ಕೂತು ಮೀಯುವಂಥ ಬಚ್ಚಲು, ಮಳೆಗಾಲದಲ್ಲಿ ಬೆಂಕಿ ಕಾಯಲು ಒಂದು ಒಲೆ ಬೇಕು. ಆಸ್ಪತ್ರೆ ದೂರವೆಂಬ ಆಕ್ಷೇಪಣೆ ಬರುತ್ತದೆ, ಅದು ಸಣ್ಣದಲ್ಲ. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯ ಬಳಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು. ಅಂಥ ದಿನ ಎದೆನೋವು ಬಂದರೆ ಸಕಲೇಶಪುರ ಮುಟ್ಟುವುದು ಕಷ್ಟ. ಪೇಟೆಯ ಮನೆಯಲ್ಲಿ ಆಸ್ಪತ್ರೆಯುಂಟು, ತನ್ನ ಮಳೆಯ ಸದ್ದಿಲ್ಲ. ಇಲ್ಲಿ ಮಳೆಯ ಸದ್ದುಂಟು, ಆಸ್ಪತ್ರೆಯಿಲ್ಲ. ಅರ್ಜಿಯ ನಮೂನೆಯಲ್ಲಿ ಎರಡರ ಹೆಸರೂ ಇರಲಿ. ಗುರುತು ಹಾಕುವ ಕೈ ಹೋಗತಕ್ಕವರದಾಗಿರಲಿ.