ಶತ್ರು ಕೇಳಿದ ಪ್ರಶ್ನೆ

ಕೊರಿಯಾ ಯುದ್ಧ ಶುರುವಾದದ್ದು 1950ರ ಜೂನ್‌ನಲ್ಲಿ. 1951ರ ಮೊದಲಲ್ಲೇ ಅದರ ಮೇಲೊಂದು ಅಮೆರಿಕನ್ ಸಿನಿಮಾ ಬಂತು: 'ದಿ ಸ್ಟೀಲ್ ಹೆಲ್ಮೆಟ್'. ಎರಡನೇ ಮಹಾಯುದ್ಧದಲ್ಲಿ ಸಿಪಾಯಿಯಾಗಿದ್ದ ಸ್ಯಾಮ್ಯುಯೆಲ್ ಫುಲ್ಲರ್ ಲಾಸ್ ಏಂಜಲೀಸಿನ ಒಂದು ಪಾರ್ಕನ್ನೇ ಕೊರಿಯಾ ಮಾಡಿಕೊಂಡು, ಸಣ್ಣ ದುಡ್ಡಿನಲ್ಲಿ, ಹತ್ತೇ ದಿನದಲ್ಲಿ ತೆಗೆದ ಚಿತ್ರ.

ಕೈಕಟ್ಟಿ ಕೊಂದವರ ನಡುವೆ ಸಾರ್ಜೆಂಟ್ ಝ್ಯಾಕ್ ಒಬ್ಬನೇ ಬದುಕಿದ್ದಾನೆ. ಗುಂಡು ಅವನ ಹೆಲ್ಮೆಟ್ಟನ್ನು ತೂತು ಮಾಡಿದೆ, ತಲೆಯನ್ನಲ್ಲ. ಅವನ ಕಟ್ಟು ಬಿಚ್ಚುವವನು ಒಬ್ಬ ಕೊರಿಯನ್ ಹುಡುಗ. ಜೀವ ಉಳಿಸಿದ ಆ ಹುಡುಗನನ್ನೇ ಝ್ಯಾಕ್ ಹೀನ ಹೆಸರಿನಿಂದ ಕರೀತಾನೆ. ಹುಡುಗ ಒಪ್ಪೋದಿಲ್ಲ, ನಾನು ಕೊರಿಯನ್ ಅಂತಾನೆ.

ಮುಂದೆ ಬೌದ್ಧ ಗುಡಿಯೊಂದರಲ್ಲಿ ಉತ್ತರ ಕೊರಿಯಾದ ಮೇಜರ್ ಸೆರೆ ಸಿಕ್ಕುತ್ತಾನೆ. ಅವನ ಗಾಯಕ್ಕೆ ಪಟ್ಟಿ ಕಟ್ಟುವವನು ಥಾಮ್ಸನ್, ಕಪ್ಪು ಸಿಪಾಯಿ. ಮೇಜರ್ ಕೇಳ್ತಾನೆ: ಟಿಕೆಟ್ಟಿಗೆ ಕಾಸು ಕೊಟ್ಟರೂ ನಿನ್ನನ್ನು ಬಸ್ಸಿನ ಹಿಂದೆ ಕೂರಿಸುವವರಿಗಾಗಿ ಯಾಕೆ ಸಾಯ್ತೀಯ? ಜಪಾನಿ ಮೂಲದ ಟನಾಕನನ್ನೂ ಹಾಗೇ ಕೆಣಕುತ್ತಾನೆ. 1942ರಿಂದ ಅಂಥವರನ್ನು, ಸುಮಾರು 1,20,000 ಜನರನ್ನು, ಅಮೆರಿಕ ಶಿಬಿರಗಳಲ್ಲಿ ಕೂಡಿಹಾಕಿತ್ತು.

ಮೇಜರ್‌ಗೆ ಬೇಕಾದ್ದು ಥಾಮ್ಸನ್‌ಗೆ ನ್ಯಾಯವಲ್ಲ, ಎದುರು ಸೈನ್ಯದಲ್ಲಿ ಒಡಕು. ನಿಜ. ಆದರೆ ಶತ್ರುವಿನ ಬಾಯಲ್ಲಿ ಬಂತು ಅಂತ ಸತ್ಯ ಸುಳ್ಳಾಗುತ್ತದೆಯೆ? ಬಸ್ಸಿನಲ್ಲಿ ಗೆರೆ ಎಳೆದವನು ಮೇಜರ್ ಅಲ್ಲವಲ್ಲ! 'ಮನೆಯ ಮಾತು ಹೊರಗಿನವರ ಮುಂದೆ ಬೇಡ' ಅನ್ನುವವರು ಮನೆಯೊಳಗೆ ಆ ಮಾತನ್ನು ಎಂದಾದರೂ ಕೇಳಿಸಿಕೊಂಡಿದ್ದರೆ?

ಥಾಮ್ಸನ್ ಸಿಟ್ಟಾಗೋದಿಲ್ಲ. ನೂರು ವರ್ಷದ ಹಿಂದೆ ಹತ್ತೋಕೂ ಬಿಡ್ತಿರಲಿಲ್ಲ, ಈಗ ಹಿಂದೆ ಕೂರ್ತೀನಿ, ಇನ್ನೈವತ್ತು ವರ್ಷಕ್ಕೆ ನಡುವೆ, ಮುಂದೊಂದು ದಿನ ಮುಂದೆ. ಅವಸರ ಮಾಡೋಕಾಗಲ್ಲ ಅಂತಾನೆ.

ಗೆಳೆಯರೇ, ಇಲ್ಲಿ ಎರಡು ಸಂಗತಿಗಳಿವೆ. ವೈರಿಯ ಗಾಯವನ್ನೂ ಕಟ್ಟುವುದು ಮನುಷ್ಯತ್ವ, ಅದು ಗುಲಾಮಗಿರಿಯಲ್ಲ. ಆದರೆ ಐವತ್ತು ವರ್ಷ ಕಾಯ್ತೀನಿ ಅನ್ನುವುದು ಬೇರೆ. ಆ ತಾಳ್ಮೆಯನ್ನು ಮುಂದಿನ ಸೀಟಿನಲ್ಲಿ ಕೂತವನು ಬೋಧಿಸಿದರೆ ಅದು ಮೋಸ.

ಚರಿತ್ರೆ ಐವತ್ತು ವರ್ಷ ಕಾಯಲಿಲ್ಲ. 1955ರ ಡಿಸೆಂಬರಿನಲ್ಲಿ ಮಾಂಟ್ಗೊಮರಿ ಊರಲ್ಲಿ ರೋಸಾ ಪಾರ್ಕ್ಸ್ ಬಿಳಿಯನಿಗಾಗಿ ಸೀಟು ಬಿಟ್ಟು ಏಳಲಿಲ್ಲ. ಕಪ್ಪು ಜನ ಒಂದು ವರ್ಷಕ್ಕೂ ಹೆಚ್ಚು ಕಾಲ ಬಸ್ಸು ಹತ್ತದೆ ನಡೆದರು. ಕೋರ್ಟಿನ ತೀರ್ಪೂ ಬಂತು. 1956ರ ಡಿಸೆಂಬರಿನಲ್ಲಿ ಅಲ್ಲಿನ ಬಸ್ಸುಗಳ ಗೆರೆ ಅಳಿಯಿತು. ಕಾಲ ತಾನಾಗಿ ತರಲಿಲ್ಲ. ನಡೆದ ಕಾಲುಗಳು ತಂದವು.

ಸಿಪಾಯಿಯ ಜೀವ ಕೇಳುವ ದೇಶ ಅವನಿಗೆ ಕೂರಲು ಜಾಗ ಕೊಡದಿದ್ದರೆ, ಸಾಲ ಇರೋದು ಸಿಪಾಯಿಯ ಮೇಲಲ್ಲ, ದೇಶದ ಮೇಲೆ.